ಹಳೇ ಬ್ಲೂಸ್ ಪ್ಲೇಟುಗಳನ್ನು ಎಲ್ಲಿಂದ ಕೇಳಲು ಶುರು ಮಾಡಬೇಕು?

ಧಾರವಾಡದ ಓದುಗರಿಗೆ ನಮಸ್ಕಾರ.

ಅಮೆರಿಕದ ಹಳೇ ಜಾನಪದ ಮತ್ತು ಅಲ್ಲಿನ ಕಪ್ಪು ಜನರ ಹಾಡಾದ ಬ್ಲೂಸ್ ಕೇಳಬೇಕೆಂದು ಕೂತು, ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ ಅವರ 29 ಹಾಡುಗಳನ್ನೂ ಒಂದೇ ಸಂಜೆ ಕೇಳಿ ಮುಗಿಸಿದೆ ಎಂದು ಬರೆದಿದ್ದೀರಿ. ಬರೀ ಗರಗರ ಸದ್ದು, ಮಾತು ತಿಳಿಯೋದಿಲ್ಲ, ಎಲ್ಲಾ ಒಂದೇ ಥರ ಅನ್ನೋದು ನಿಮ್ಮ ದೂರು. 'ಬಡವರ ಅಳು ಬಿಟ್ಟರೆ ಇದರಲ್ಲಿ ಏನಿದೆ?' ಎಂದು ಕೇಳಿದ್ದೀರಿ. ಆ ಗರಗರ ತೆಗೆದ ಪ್ರತಿಗಳನ್ನು ಕೇಳಬಹುದಾ ಅನ್ನೋದು ಇನ್ನೊಂದು ಪ್ರಶ್ನೆ.

ಮೊದಲು ಆ ಸಂಜೆಯ ವಿಷಯ. ಆ 29 ಹಾಡುಗಳನ್ನು ಜಾನ್ಸನ್ ಸಾಲಾಗಿ ಕೇಳಲಿ ಎಂದು ಹಾಡಿರಲಿಲ್ಲ. 1936ರ ನವೆಂಬರಿನಲ್ಲಿ ಸ್ಯಾನ್ ಆಂಟೋನಿಯೊದಲ್ಲಿ ಕೆಲವು, 1937ರ ಜೂನ್‌ನಲ್ಲಿ ಡಲ್ಲಾಸಿನಲ್ಲಿ ಉಳಿದವು. ಆಗಿನ ಪ್ಲೇಟಿನ ಒಂದು ಬದಿಗೆ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷದ ಹಾಡು. ಒಂದು ಕಡೆ ಮುಗಿದರೆ ಎದ್ದು ಹೋಗಿ ತಿರುಗಿಸಿ ಹಾಕಬೇಕು. ನೀವೂ ದಿನಕ್ಕೆ ಎರಡೇ ಹಾಡು ಕೇಳಿ. ಅವನ್ನೇ ಮತ್ತೆ ಕೇಳಿ.

ಜಾನ್ಸನ್ ಅವರನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ಮಿಸಿಸಿಪ್ಪಿ ಜಾನ್ ಹರ್ಟ್ ಅವರಿಂದ ಶುರು ಮಾಡಿ. ಅವರು ಮಿಸಿಸಿಪ್ಪಿಯ ಆವಲಾನ್ ಎಂಬ ಹಳ್ಳಿಯ ಕೂಲಿ ರೈತ. 1928ರಲ್ಲಿ ಒಕೆ ಎಂಬ ರೆಕಾರ್ಡ್ ಕಂಪನಿಗೆ ಮೆಂಫಿಸ್‌ನಲ್ಲೂ ನ್ಯೂಯಾರ್ಕಿನಲ್ಲೂ ಹಾಡಿದರು. ಪ್ಲೇಟು ಅಷ್ಟಾಗಿ ಮಾರಾಟವಾಗಲಿಲ್ಲ. ಅವರು ಊರಿಗೆ ವಾಪಸಾಗಿ ಹೊಲದ ಕೆಲಸ ಹಿಡಿದರು. ನ್ಯೂಯಾರ್ಕಿನಲ್ಲಿ ಹಾಡಿದ ಒಂದು ಹಾಡಿನಲ್ಲಿ ಆವಲಾನ್ ನನ್ನ ಊರು ಎಂದಿದ್ದರು. ಆ ಒಂದು ಮಾತಿನ ಜಾಡು ಹಿಡಿದು, 1963ರಲ್ಲಿ ಟಾಮ್ ಹಾಸ್ಕಿನ್ಸ್ ಎಂಬ ತರುಣ ಹಳೇ ಭೂಪಟದಲ್ಲಿ ಊರನ್ನು ಹುಡುಕಿ ಹೊರಟರು. ಹರ್ಟ್ ಅಲ್ಲೇ ಇದ್ದರು! ಅದೇ ವರ್ಷ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ ಅವರ ಹಾಡುಗಳನ್ನು ಹೊಸದಾಗಿ ರೆಕಾರ್ಡ್ ಮಾಡಿಕೊಂಡಿತು. 1966ರಲ್ಲಿ ತೀರಿಕೊಳ್ಳುವವರೆಗೂ ಅವರು ಹಾಡುತ್ತಿದ್ದರು.

ನಿಮಗೆ ಬೇಕಾಗಿರುವುದು ಇದೇ ಜೋಡಿ. ಮೊದಲು 1963ರದ್ದನ್ನು ಕೇಳಿ. ಗರಗರ ಇಲ್ಲ, ಮಾತು ಸ್ಪಷ್ಟ. ಹೆಬ್ಬೆರಳು ದಪ್ಪ ತಂತಿಗಳಲ್ಲಿ ಲಯ ಹಿಡಿದು ನಡೆಯುತ್ತಾ ಇರುತ್ತದೆ, ಉಳಿದ ಬೆರಳುಗಳು ತೆಳು ತಂತಿಗಳಲ್ಲಿ ಹಾಡಿನ ಧಾಟಿ ನುಡಿಸುತ್ತವೆ. ಆಮೇಲೆ 1928ಕ್ಕೆ ಹೋಗಿ. ಅದೇ ಮನುಷ್ಯ, ಅದೇ ಬೆರಳು, ವಯಸ್ಸು ಮಾತ್ರ 35 ವರ್ಷ ಕಡಿಮೆ. ಈಗ ಗರಗರದ ನಡುವೆ ಏನನ್ನು ಹುಡುಕಬೇಕೆಂದು ಕಿವಿಗೆ ಗೊತ್ತಿರುತ್ತದೆ.

ಸದ್ದಿಗೆಲ್ಲ ವಯಸ್ಸೇ ಕಾರಣ ಅಲ್ಲ. ಪ್ಯಾರಾಮೌಂಟ್ ಎಂಬ ಪ್ಲೇಟುಗಳ ಮಾಲೀಕರು ವಿಸ್ಕಾನ್ಸಿನ್‌ನ ಒಂದು ಕುರ್ಚಿ ಕಂಪನಿಯವರು. ಗ್ರಾಮಫೋನ್ ಪೆಟ್ಟಿಗೆ ಮಾಡುತ್ತಿದ್ದವರು ಪ್ಲೇಟಿನ ವ್ಯಾಪಾರಕ್ಕೂ ಇಳಿದರು. ಬಳಸಿದ ಮಾಲು ಅಗ್ಗದ್ದು. ಚಾರ್ಲಿ ಪ್ಯಾಟನ್, ಸನ್ ಹೌಸ್, ಸ್ಕಿಪ್ ಜೇಮ್ಸ್, ಗೀಶಿ ವೈಲಿ ಈ ಬ್ಲೂಸ್ ಗಾಯಕರೆಲ್ಲರ ಮೊದಲ ಹಾಡುಗಳೂ ಉಳಿದದ್ದು ಅದರಲ್ಲೇ. ಮೂಲ ಲೋಹದ ಅಚ್ಚುಗಳು ಬಹುಪಾಲು ಹಾಳಾದವು. ಕೆಲವು ಹಾಡುಗಳು ಸವೆದ ಬೆರಳೆಣಿಕೆಯ ಪ್ಲೇಟುಗಳಿಂದಲೇ ನಮಗೆ ಸಿಕ್ಕಿವೆ. ಶುದ್ಧ ಮಾಡಿದ್ದನ್ನು ಧಾರಾಳವಾಗಿ ಕೇಳಿ. ಆದರೆ ಸದ್ದು ಜಾಸ್ತಿ ತೆಗೆದರೆ ಜೊತೆಗೆ ದನಿಯ ಮೊನಚೂ ಹೋಗುತ್ತದೆ. ಸ್ವಲ್ಪ ಗರಗರ ಇರುವ ಪ್ರತಿಯೇ ನನಗೆ ಇಷ್ಟ.

'ಬಡವರ ಅಳು' ಅನ್ನೋ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಬಡತನ ನಿಜ, ಕಪ್ಪು ಜನರ ಮೇಲೆ ನಡೆದ ಕ್ರೌರ್ಯವೂ ನಿಜ. ಆದರೆ ಇವರಲ್ಲಿ ಎಷ್ಟೋ ಜನ ಕುಣಿತದ ಕೂಟಗಳಲ್ಲಿ, ಬೀದಿಗಳಲ್ಲಿ ಹಾಡಿ ಹೊಟ್ಟೆ ಹೊರೆದ ಪಳಗಿದ ಕಲಾವಿದರು. ಟೆಕ್ಸಾಸಿನ ಬ್ಲೈಂಡ್ ಲೆಮನ್ ಜೆಫರ್ಸನ್ ಅವರನ್ನು ಕೇಳಿ. ಸಾಲಿನ ನಡುವೆ ತಾಳವನ್ನು ಬೇಕಾದಷ್ಟು ಎಳೆದು, ಗಿಟಾರಿನಲ್ಲಿ ಉತ್ತರ ಕೊಟ್ಟು, ಮತ್ತೆ ಹಾಡಿಗೆ ಬರುತ್ತಾರೆ. ಇದು ಅಳು ಅಲ್ಲ, ವಿದ್ಯೆ.

1920ರಲ್ಲಿ ಮೇಮಿ ಸ್ಮಿತ್ ಅವರ ಬ್ಲೂಸ್ ಪ್ಲೇಟು ಭರ್ಜರಿಯಾಗಿ ಮಾರಾಟವಾದ ಮೇಲೆ ಕಂಪನಿಗಳು ಕಪ್ಪು ಗಿರಾಕಿಗಳಿಗೇ ಬೇರೆ ಪಟ್ಟಿ ಮಾಡಿದವು. ಬಿಳಿಯ ಹಳ್ಳಿಗರ ಹಾಡಿಗೆ ಇನ್ನೊಂದು ಪಟ್ಟಿ. ಹಾಡುವವರು ಮಾತ್ರ ಒಬ್ಬರಿಂದೊಬ್ಬರು ಕಲಿಯುತ್ತಲೇ ಇದ್ದರು. ಬಿಳಿಯರಾದ ಕಾರ್ಟರ್ ಕುಟುಂಬದ ಎ. ಪಿ. ಕಾರ್ಟರ್ ಹಾಡು ಸಂಗ್ರಹಕ್ಕೆ ಊರೂರು ತಿರುಗಿದಾಗ ಜೊತೆಗಿದ್ದವರು ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರ್ ವಾದಕ. 1952ರಲ್ಲಿ ಹ್ಯಾರಿ ಸ್ಮಿತ್ ಫೋಕ್‌ವೇಸ್ ಕಂಪನಿಗೆ 84 ಹಳೇ ರೆಕಾರ್ಡುಗಳ ಸಂಕಲನ ಮಾಡಿದಾಗ ಯಾರು ಕಪ್ಪು, ಯಾರು ಬಿಳಿ ಎಂದು ಬರೆಯಲೇ ಇಲ್ಲ. ಅದರಲ್ಲಿದ್ದ ನಮ್ಮ ಹರ್ಟ್ ಬಿಳಿಯರಲ್ಲ ಅನ್ನೋದು ಕೇಳುಗರಿಗೆ ವರ್ಷಗಟ್ಟಲೆ ಗೊತ್ತಾಗಲಿಲ್ಲವಂತೆ.

ಮಾತು ತಿಳಿಯದಿದ್ದರೆ ಹೆದರಬೇಡಿ. ಬ್ಲೂಸ್‌ನಲ್ಲಿ ಸಾಮಾನ್ಯವಾಗಿ ಮೊದಲ ಸಾಲನ್ನೇ ಎರಡು ಸಲ ಹಾಡಿ, ಮೂರನೆಯ ಸಾಲಿನಲ್ಲಿ ಮಾತು ಮುಗಿಸುತ್ತಾರೆ. ಮೊದಲ ಸಲ ತಪ್ಪಿದ್ದು ಎರಡನೆಯ ಸಲ ಸಿಗುತ್ತದೆ. ಮಾತೇ ಇಲ್ಲದ್ದು ಬೇಕಾದರೆ ಬ್ಲೈಂಡ್ ವಿಲ್ಲಿ ಜಾನ್ಸನ್ 1927ರಲ್ಲಿ ಡಲ್ಲಾಸಿನಲ್ಲಿ ಹಾಡಿದ 'ಡಾರ್ಕ್ ವಾಸ್ ದ ನೈಟ್' ಕೇಳಿ. ಅವರು ಬ್ಲೂಸ್ ಗಾಯಕರಲ್ಲ, ಭಕ್ತಿಗೀತೆ ಹಾಡುತ್ತಿದ್ದವರು. ಅದರಲ್ಲಿ ಇರುವುದು ಗುನುಗು ಮತ್ತು ತಂತಿಯ ಮೇಲೆ ಜಾರುವ ಗಿಟಾರ್ ಅಷ್ಟೇ. 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳು ಹೊತ್ತೊಯ್ದ ಚಿನ್ನದ ಲೇಪದ ತಟ್ಟೆಯಲ್ಲಿ ಇದೂ ಇದೆ. ಕೇಸರ್‌ಬಾಯಿ ಕೇರ್ಕರ್ ಅವರ ಗಾಯನವೂ ಕನ್ನಡದ ಒಂದು ಶುಭಾಶಯವೂ ಅದೇ ತಟ್ಟೆಯಲ್ಲಿವೆ.

ಇಷ್ಟಾದ ಮೇಲೆ ಸ್ಮಿತ್ ಸಂಕಲನಕ್ಕೆ ಬನ್ನಿ. ಕುಣಿತದ ಹಾಡು ಮತ್ತು ಭಕ್ತಿಗೀತೆಗಳ ಎರಡನೆಯ ಭಾಗವನ್ನು ಮೊದಲು ಕೇಳಿ. ಸ್ಮಿತ್ ಬರೆದ ಟಿಪ್ಪಣಿ ಪುಸ್ತಿಕೆಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ರಾಬರ್ಟ್ ಜಾನ್ಸನ್ ಅವರನ್ನು ಮತ್ತೆ ಕೇಳಿದಾಗ ಹೇಗನ್ನಿಸಿತು ಎಂದು ಖಂಡಿತ ಬರೆಯಿರಿ, ಪ್ರಕಟಿಸುತ್ತೇವೆ.

– ಸಂಪಾದಕ