ಬಲಾಢ್ಯ ದೇಶ ನೆರೆಯವರ ಮೇಲೆ ದಂಡೆತ್ತಿ ಹೋದಾಗ ಉಳಿದವರ ಕೈಯಲ್ಲೇನಿದೆ?

ಪ್ರಶ್ನೆ: 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಏಳೇ ತಿಂಗಳಲ್ಲಿ ಅದನ್ನು ಹೊರಗಟ್ಟಿದರು. ಉಕ್ರೇನ್ ವಿಷಯದಲ್ಲಿ ವಿಶ್ವಸಂಸ್ಥೆಗೆ ಅದೇ ಕೆಲಸ ಯಾಕೆ ಆಗಲಿಲ್ಲ? (ಶಿರಸಿಯ ಓದುಗರೊಬ್ಬರು)

ಉತ್ತರ: ಕಾರಣ ವೀಟೊ, ಅಂದರೆ ಭದ್ರತಾ ಮಂಡಳಿಯ ಐದು ಕಾಯಂ ಸದಸ್ಯ ರಾಷ್ಟ್ರಗಳಲ್ಲಿ ಯಾವುದೇ ಒಂದು ವಿರೋಧ ಮತ ಹಾಕಿ ನಿರ್ಣಯ ತಡೆಯುವ ಹಕ್ಕು. ಕುವೈತಿನ ಮೇಲೆ ದಾಳಿ ನಡೆದದ್ದು 1990ರ ಆಗಸ್ಟ್ 2ರಂದು. ಅದೇ ದಿನ ಭದ್ರತಾ ಮಂಡಳಿ 660ನೇ ನಿರ್ಣಯದಲ್ಲಿ ಇರಾಕ್ ಬೇಷರತ್ತಾಗಿ ಹಿಂದೆ ಸರಿಯಬೇಕೆಂದಿತು. ನಾಲ್ಕು ದಿನದ ಬಳಿಕ ಪೂರ್ಣ ವ್ಯಾಪಾರ ನಿರ್ಬಂಧ ಬಂತು. ನವೆಂಬರ್ 29ರ 678ನೇ ನಿರ್ಣಯ ಜನವರಿ 15ರ ಗಡುವು ಕೊಟ್ಟು, ಅದು ಮೀರಿದರೆ ಬಲಪ್ರಯೋಗಕ್ಕೆ ಅನುಮತಿ ನೀಡಿತು. ಪರವಾಗಿ 12 ಮತ, ವಿರೋಧವಾಗಿ ಕ್ಯೂಬಾ ಮತ್ತು ಯೆಮೆನ್. ಚೀನಾ ಮತ ಹಾಕಲಿಲ್ಲ. ಕಾಯಂ ಸದಸ್ಯ ರಾಷ್ಟ್ರ ಮತ ಹಾಕದೆ ಕುಳಿತರೆ ಅದು ವೀಟೊ ಆಗುವುದಿಲ್ಲವಾದ್ದರಿಂದ ನಿರ್ಣಯ ಪಾಸಾಯಿತು.

2022ರಲ್ಲಿ ದಾಳಿ ಮಾಡಿದ ದೇಶವೇ ಕಾಯಂ ಸದಸ್ಯ. ಫೆಬ್ರವರಿ 25ರಂದು 11 ದೇಶಗಳು ಪರವಾಗಿದ್ದರೂ ರಷ್ಯಾದ ಒಂದೇ ಮತ ನಿರ್ಣಯವನ್ನು ಬೀಳಿಸಿತು. ತನ್ನದೇ ತಕರಾರಿನಲ್ಲಿ ಸದಸ್ಯರು ಮತ ಹಾಕಬಾರದೆಂಬ ನಿಯಮ ವಿಶ್ವಸಂಸ್ಥೆಯ ಸನ್ನದಿನ (ಅದರ ಮೂಲ ಒಪ್ಪಂದದ) 27ನೇ ವಿಧಿಯಲ್ಲಿದೆ. ಆದರೆ ಅದು ಆರನೇ ಅಧ್ಯಾಯದ ಸಂಧಾನ ಕ್ರಮಗಳಿಗಷ್ಟೇ ಅನ್ವಯ. ನಿರ್ಬಂಧ, ಸೈನಿಕ ಕ್ರಮಗಳಿರುವ ಏಳನೇ ಅಧ್ಯಾಯಕ್ಕೆ ಅನ್ವಯಿಸುವುದಿಲ್ಲ. ಇಡೀ ಸನ್ನದಿನಲ್ಲಿ ಇಷ್ಟು ದುಬಾರಿಯಾದ ದೋಷ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಆಮೇಲೆ ಉಳಿದದ್ದು ಪಕ್ಕದ ದಾರಿ. ಭದ್ರತಾ ಮಂಡಳಿ ವೀಟೊದಿಂದ ಸ್ಥಗಿತಗೊಂಡಾಗ ವಿಷಯವನ್ನು ಎಲ್ಲ ಸದಸ್ಯ ದೇಶಗಳೂ ಇರುವ ಸಾಮಾನ್ಯ ಸಭೆಗೆ ಒಯ್ಯುವ ವಿಧಾನವನ್ನು 1950ರಲ್ಲೇ ರೂಪಿಸಲಾಗಿತ್ತು. ಅದು ಕಾರ್ಯವಿಧಾನದ ಮತವಾದ್ದರಿಂದ ವೀಟೊ ನಡೆಯುವುದಿಲ್ಲ, 9 ಮತ ಸಾಕು. ಫೆಬ್ರವರಿ 27ರಂದು ಹಾಗೆ ಒಯ್ದರು. ಮಾರ್ಚ್ 2ರಂದು 141 ದೇಶಗಳು ದಾಳಿಯನ್ನು ಖಂಡಿಸಿದವು, 5 ವಿರೋಧಿಸಿದವು, 35 ದೂರ ಉಳಿದವು. ಈ ನಿರ್ಣಯಕ್ಕೆ ಸೈನ್ಯ ಕಳಿಸುವ ಶಕ್ತಿಯಿಲ್ಲ. ಆದರೆ ಮುಂದೆ ಪರಿಹಾರ ಕೇಳುವಾಗ, ಕಬಳಿಸಿದ ನೆಲಕ್ಕೆ ಮಾನ್ಯತೆ ನಿರಾಕರಿಸುವಾಗ ಆಧಾರವಾಗುವುದು ಇಂಥ ದಾಖಲೆಗಳೇ. ಅವು ಬೇಗ ಸಿದ್ಧವಾಗುವುದು ಬಹಳ ಮುಖ್ಯ.

ಉಕ್ರೇನಿಗೆ ಶಸ್ತ್ರಾಸ್ತ್ರ ಕೊಡಲು ಯಾರ ಅನುಮತಿಯೂ ಬೇಕಿರಲಿಲ್ಲ. ಆತ್ಮರಕ್ಷಣೆಯ ಹಕ್ಕು 51ನೇ ವಿಧಿಯಲ್ಲೇ ಇದೆ.

ಪ್ರಶ್ನೆ: ಭಾರತ ಮತ ಹಾಕದೆ ಉಳಿಯಿತು. ಅದನ್ನು ರಷ್ಯಾದ ಪರ ಎನ್ನಬೇಕೇ? (ಮೈಸೂರಿನ ಓದುಗರೊಬ್ಬರು)

ಉತ್ತರ: ಲೆಕ್ಕ ಹಾಕಿ ನೋಡಿ. ಸಾಮಾನ್ಯ ಸಭೆಯಲ್ಲಿ ಪ್ರಮುಖ ವಿಷಯಗಳಿಗೆ ಮೂರನೇ ಎರಡರಷ್ಟು ಬಹುಮತ ಬೇಕು. ಪರ, ವಿರೋಧ ಮತಗಳನ್ನಷ್ಟೇ ಎಣಿಸುತ್ತಾರೆ. 2022ರ ಏಪ್ರಿಲ್ 7ರಂದು ಮಾನವ ಹಕ್ಕುಗಳ ಮಂಡಳಿಯಿಂದ ರಷ್ಯಾವನ್ನು ಅಮಾನತು ಮಾಡುವಾಗ 93 ಪರ, 24 ವಿರೋಧ, 58 ದೂರ. 117ರಲ್ಲಿ 78 ಬಂದರೆ ಸಾಕಿತ್ತು, ನಿರ್ಣಯ ಸಲೀಸಾಗಿ ಗೆದ್ದಿತು. ದೂರ ಉಳಿದ ಆ 58 ದೇಶಗಳೂ ವಿರೋಧಿಸಿದ್ದರೆ 175ರಲ್ಲಿ 117 ಬೇಕಾಗುತ್ತಿತ್ತು, ನಿರ್ಣಯ ಬಿದ್ದುಹೋಗುತ್ತಿತ್ತು. ಭಾರತ ಆ 58ರಲ್ಲಿ ಒಂದು. ಹಾಗೆಂದು ದೂರ ಉಳಿಯುವುದು ಖಂಡನೆಗೆ ಸಮವಲ್ಲ. ಉಕ್ರೇನಿಗೆ ಅದರಿಂದಾದ ಬೇಸರ ನ್ಯಾಯವಾದದ್ದೇ.

ಪ್ರಶ್ನೆ: ಇಷ್ಟೊಂದು ನಿರ್ಬಂಧ ಹೇರಿದರೂ ರಷ್ಯಾದ ಬಳಿ ಯುದ್ಧಕ್ಕೆ ಹಣ ಹೇಗೆ ಉಳಿಯಿತು? ನಾವು ತೈಲ ಕೊಂಡದ್ದು ನಿಯಮಬಾಹಿರವೇ? (ದಾವಣಗೆರೆಯ ಓದುಗರೊಬ್ಬರು)

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ: ಅಲ್ಲ. ಎಲ್ಲ ದೇಶಗಳೂ ಪಾಲಿಸಲೇಬೇಕಾದದ್ದು ಭದ್ರತಾ ಮಂಡಳಿಯ ನಿರ್ಬಂಧ ಮಾತ್ರ. ಐರೋಪ್ಯ ಒಕ್ಕೂಟ, ಅಮೆರಿಕ ಹೇರಿದವು ಅವರವರ ಕಂಪನಿ, ಬ್ಯಾಂಕುಗಳಿಗೆ ಅನ್ವಯಿಸುವ ಕಾನೂನು. ಆದರೆ ಡಾಲರ್ ವ್ಯವಹಾರ ಬೇಕಾದ ಬ್ಯಾಂಕು ಎಲ್ಲೇ ಇದ್ದರೂ ಅಮೆರಿಕಕ್ಕೆ ಹೆದರುತ್ತದೆ. ರಷ್ಯಾದ ಯುದ್ಧೋದ್ಯಮಕ್ಕೆ ನೆರವಾಗುವ ವಿದೇಶಿ ಬ್ಯಾಂಕುಗಳ ಮೇಲೂ ಕ್ರಮ ಕೈಗೊಳ್ಳುವುದಾಗಿ 2023ರ ಡಿಸೆಂಬರಿನಲ್ಲಿ ಅಮೆರಿಕ ಆದೇಶಿಸಿದ ಮೇಲೆ ಟರ್ಕಿ, ಯುಎಇ, ಚೀನಾದ ಬ್ಯಾಂಕುಗಳಲ್ಲಿ ರಷ್ಯಾದ ಪಾವತಿಗಳು ತಡವಾಗತೊಡಗಿದವು.

ಇನ್ನು ಹಣದ ಮಾತು. ಮೊದಲ ವಾರದಲ್ಲೇ ರಷ್ಯಾದ ಕೇಂದ್ರ ಬ್ಯಾಂಕಿನ ಸುಮಾರು 300 ಶತಕೋಟಿ ಡಾಲರ್ ವಿದೇಶಿ ಮೀಸಲನ್ನು ತಡೆಹಿಡಿದರು. ಬ್ಯಾಂಕುಗಳು ಪಾವತಿ ಸೂಚನೆ ಕಳಿಸಿಕೊಳ್ಳುವ ಸ್ವಿಫ್ಟ್ ಸಂದೇಶ ಜಾಲದಿಂದ ಯೂರೋಪು ಮೊದಲು ಹೊರಗಿಟ್ಟದ್ದು ಏಳು ಬ್ಯಾಂಕುಗಳನ್ನು ಮಾತ್ರ. ಸ್ಬೆರ್‌ಬ್ಯಾಂಕ್, ಗಾಜ್‌ಪ್ರಾಂಬ್ಯಾಂಕ್‌ಗಳನ್ನು ಬಿಟ್ಟರು, ಏಕೆಂದರೆ ಯೂರೋಪು ತಾನು ಉರಿಸುವ ಅನಿಲಕ್ಕೆ ಅವುಗಳ ಮೂಲಕವೇ ಹಣ ಕಟ್ಟುತ್ತಿತ್ತು. ಮುಖ್ಯ ಸೋರಿಕೆ ಅಲ್ಲೇ.

ತೈಲಕ್ಕೆ 2022ರ ಡಿಸೆಂಬರ್ 5ರಿಂದ ಜಿ7 (ಏಳು ಶ್ರೀಮಂತ ರಾಷ್ಟ್ರಗಳ ಕೂಟ) ದೇಶಗಳು ಬ್ಯಾರೆಲ್ಲಿಗೆ 60 ಡಾಲರಿನ ಮಿತಿ ಹಾಕಿದವು. ಉಪಾಯ ಒಳ್ಳೆಯದೇ: ತೈಲ ಮಾರುಕಟ್ಟೆಗೆ ಬರುತ್ತಿರಲಿ, ರಷ್ಯಾದ ಲಾಭ ತಗ್ಗಲಿ. ಜಗತ್ತಿನ ಸಾಗರಯಾನದ ಹಡಗುಗಳ ಸುಮಾರು ಶೇ 90ರಷ್ಟು ಟನ್ನೇಜಿಗೆ ಹೊಣೆಗಾರಿಕೆ ವಿಮೆ ಕೊಡುವ ಸಂಘಗಳಲ್ಲಿ ಹೆಚ್ಚಿನವು ಪಾಶ್ಚಾತ್ಯ ದೇಶಗಳಲ್ಲಿವೆ. ಮಿತಿಗಿಂತ ಹೆಚ್ಚು ಬೆಲೆಯ ಸರಕಾದರೆ ವಿಮೆಯಿಲ್ಲ ಎಂಬುದೇ ಹಿಡಿತ. ಕೆಟ್ಟದ್ದು ತಪಾಸಣೆಯಲ್ಲಿ. ಬೆಲೆಗೆ ಪುರಾವೆ ವ್ಯಾಪಾರಿಯ ದೃಢೀಕರಣ ಪತ್ರ. ಬಿಲ್ಲಿನಲ್ಲಿ ತೈಲದ ದರ ಇಳಿಸಿ, ಸಾಗಣೆ ಮತ್ತು ವಿಮೆಯ ವೆಚ್ಚ ಏರಿಸಿದರೆ ಮಿತಿ ದಾಟಿದ್ದು ಕಾಣುವುದೇ ಇಲ್ಲ. ಜೊತೆಗೆ ರಷ್ಯಾದ ತೈಲಕ್ಕೆಂದೇ ಹಳೆಯ ಟ್ಯಾಂಕರುಗಳು ಕೈ ಬದಲಾಯಿಸಿದವು. ಧ್ವಜ ಬದಲಿಸುವುದು, ಸ್ಥಾನ ತಿಳಿಸುವ ಸಾಧನವನ್ನು ಆರಿಸುವುದು, ನಡುಗಡಲಲ್ಲಿ ಹಡಗಿಂದ ಹಡಗಿಗೆ ಸರಕು ದಾಟಿಸುವುದು ಅವುಗಳ ಪದ್ಧತಿ. ಒಂದೊಂದೇ ಹಡಗನ್ನು ಹೆಸರಿಸಿ ಬಂದರುಗಳಿಗೆ ಬಾರದಂತೆ ಮಾಡುವ ಕ್ರಮ ಪರಿಣಾಮಕಾರಿ, ಆದರೆ ಅದು ಬಹಳ ತಡವಾಗಿ ಶುರುವಾಯಿತು.

ಪ್ರಶ್ನೆ: ನಮ್ಮ ತಂದೆ 1990ರಲ್ಲಿ ಕುವೈತ್ ಬಿಟ್ಟು ಬರಿಗೈಯಲ್ಲಿ ಬಂದರು. ಅಂಥವರಿಗೆ ಪರಿಹಾರ ಸಿಕ್ಕಿತಂತೆ. ಹೇಗೆ? ಉಕ್ರೇನಿನಲ್ಲಿ ನಷ್ಟ ಅನುಭವಿಸಿದವರಿಗೂ ಸಿಕ್ಕೀತೇ? (ಉಡುಪಿಯ ಓದುಗರೊಬ್ಬರು)

ಉತ್ತರ: ಭದ್ರತಾ ಮಂಡಳಿ 1991ರಲ್ಲಿ ಪರಿಹಾರ ಆಯೋಗವೊಂದನ್ನು ನೇಮಿಸಿತು. 1990ರ ಆಗಸ್ಟ್ 2ರಿಂದ 1991ರ ಮಾರ್ಚ್ 2ರೊಳಗೆ ಇರಾಕ್ ಇಲ್ಲವೇ ಕುವೈತ್ ಬಿಟ್ಟು ಬಂದವರು ‘ಎ’ ವರ್ಗ. ಒಬ್ಬರಿಗೆ 2,500 ಡಾಲರ್, ಕುಟುಂಬಕ್ಕೆ 5,000. ಬೇರೆ ವರ್ಗದಲ್ಲಿ ಅರ್ಜಿ ಹಾಕುವುದಿಲ್ಲವೆಂದು ಒಪ್ಪಿದರೆ 4,000 ಮತ್ತು 8,000. ನಷ್ಟದ ಲೆಕ್ಕ ಬೇಡ, ಅಲ್ಲಿದ್ದು ಹೊರಟು ಬಂದದ್ದಕ್ಕೆ ಸರಳ ಪುರಾವೆ ಸಾಕಿತ್ತು. ಅರ್ಜಿಗಳು ಆಯಾ ಸರ್ಕಾರಗಳ ಮೂಲಕ ಹೋಗಬೇಕಿತ್ತು. ಹೊಸ ಅರ್ಜಿಗೆ ಈಗ ಅವಕಾಶವಿಲ್ಲ.

ಹಣ ಬಂದದ್ದು ಇರಾಕಿನ ತೈಲದಿಂದ. ಮಾರಾಟದ ಶೇ 30ರಷ್ಟನ್ನು ಮೂಲದಲ್ಲೇ ಕಡಿತ ಮಾಡುತ್ತಿದ್ದರು; ಅದು ಮುಂದೆ ಶೇ 25ಕ್ಕೆ, 2003ರಲ್ಲಿ ಶೇ 5ಕ್ಕೆ ಇಳಿಯಿತು. ಕಂಪನಿ, ಸರ್ಕಾರಗಳನ್ನು ಕಾಯಲು ಹೇಳಿ ಸಾಮಾನ್ಯ ಜನರಿಗೆ ಮೊದಲು ಕೊಟ್ಟದ್ದು ಆ ಆಯೋಗದ ಅತ್ಯಂತ ಒಳ್ಳೆಯ ತೀರ್ಮಾನ. ಒಟ್ಟು 52.4 ಶತಕೋಟಿ ಡಾಲರಿನ ಕೊನೆಯ ಕಂತು ಪಾವತಿಯಾದದ್ದು 2022ರ ಜನವರಿಯಲ್ಲಿ.

ಉಕ್ರೇನಿಗೆ ಸದ್ಯ ಇಂಥ ನಿಧಿಯಿಲ್ಲ. ರಷ್ಯಾ ನಷ್ಟ ತುಂಬಿಕೊಡಬೇಕೆಂದು ಸಾಮಾನ್ಯ ಸಭೆ 2022ರ ನವೆಂಬರ್ 14ರಂದು 94 ಮತಗಳಿಂದ ಹೇಳಿತು. 2023ರಲ್ಲಿ ಯೂರೋಪ್ ಕೌನ್ಸಿಲ್ (ಐರೋಪ್ಯ ಒಕ್ಕೂಟವಲ್ಲ, ಮಾನವ ಹಕ್ಕುಗಳ ಬೇರೆ ಸಂಸ್ಥೆ) ಹೇಗ್ ನಗರದಲ್ಲಿ ನಷ್ಟದ ನೋಂದಣಿ ಕಚೇರಿ ತೆರೆಯಿತು. ಅದು ದೂರು ಮತ್ತು ಪುರಾವೆ ದಾಖಲಿಸುತ್ತದೆ, ಹಣ ಕೊಡುವುದಿಲ್ಲ. ತಡೆಹಿಡಿದ ಮೀಸಲಿನ ಬಹುಪಾಲು ಷೇರು, ಬಾಂಡುಗಳನ್ನು ಕಾಪಿಡುವ ಬ್ರಸೆಲ್ಸಿನ ಯೂರೋಕ್ಲಿಯರ್ ಸಂಸ್ಥೆಯಲ್ಲಿದೆ. ಅಸಲಿನ ಒಡೆತನ ಇಂದಿಗೂ ರಷ್ಯಾದ್ದೇ. ಇನ್ನೊಂದು ದೇಶದ ಕೇಂದ್ರ ಬ್ಯಾಂಕಿನ ಆಸ್ತಿಯನ್ನು ಮುಟ್ಟುಗೋಲು ಹಾಕಲು ಅಂತರರಾಷ್ಟ್ರೀಯ ಕಾನೂನಿನ ರಕ್ಷಣೆ ಅಡ್ಡ ಬರುತ್ತದೆ. ಆದ್ದರಿಂದ ಜಿ7 ದೇಶಗಳು 2024ರಲ್ಲಿ ಅದರ ಗಳಿಕೆಯನ್ನಷ್ಟೇ ಆಧಾರವಾಗಿಟ್ಟು ಉಕ್ರೇನಿಗೆ 50 ಶತಕೋಟಿ ಡಾಲರ್ ಸಾಲ ಕೊಡಲು ಒಪ್ಪಿದವು. ಇರಾಕ್ ಸೋತು ಷರತ್ತುಗಳಿಗೆ ಒಪ್ಪಿತ್ತು, ರಷ್ಯಾ ಒಪ್ಪಿಲ್ಲ. ಹಾಗಾಗಿ ಉಕ್ರೇನಿನಲ್ಲಿ ಮನೆ, ಅಂಗಡಿ ಕಳೆದುಕೊಂಡವರು ಇಂದು ಮಾಡಬಹುದಾದದ್ದು ಫೋಟೊ, ಆಸ್ತಿಪತ್ರ, ಆಸ್ಪತ್ರೆಯ ಚೀಟಿಗಳನ್ನು ದಿನಾಂಕ ಸಮೇತ ಕಾದಿಟ್ಟು, ತಮಗೆ ಅನ್ವಯಿಸುವ ವರ್ಗ ತೆರೆದಿದ್ದರೆ ನೋಂದಾಯಿಸುವುದು.