ಸಂಪಾದಕರ ಉತ್ತರ: ಹಿರಿಯರು ತಪ್ಪು ಸಲಹೆ ಕೊಟ್ಟಾಗ

ತೀರ್ಥಹಳ್ಳಿ ಕಡೆಯಿಂದ ಬರೆದ ಓದುಗರಿಗೆ ನಮಸ್ಕಾರ.

ನಿಮ್ಮ ಪತ್ರ ಓದಿ ಬೇಸರವಾಯಿತು. ಅಡಿಕೆ ಬೆಳೆಗಾರರ ವಾಟ್ಸಾಪ್ ಗುಂಪಿನಲ್ಲಿ ‘ನಳ್ಳಿ (ಎಳೆ ಅಡಿಕೆಕಾಯಿ) ಉದುರುತ್ತಿದೆ, ಏನು ಮಾಡಲಿ?’ ಎಂದು ಕೇಳಿದಿರಿ. ಬಂದದ್ದು ಕೈಮುಗಿದ ಚಿತ್ರಗಳು, ಶುಭೋದಯ, ‘ಇದನ್ನೇ ಎಷ್ಟು ಸಲ ಕೇಳ್ತೀರಿ’ ಎಂಬ ಗದರಿಕೆ. ಉತ್ತರ ಕೊಟ್ಟವರು ಹಿರಿಯರೊಬ್ಬರೇ: ಮಳೆಗಾಲದ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತು (ತಾಮ್ರದ ಸಲ್ಫೇಟ್) ಜಾಸ್ತಿ ಹಾಕಿ, ಸುಣ್ಣ ಕಡಿಮೆ ಮಾಡಿ ಹೊಡೆಯಿರಿ ಎಂದರು. ‘ಗೊತ್ತಿಲ್ಲದಿದ್ದರೆ ಸುಮ್ನಿರಿ’ ಎಂದು ನೀವು ಬರೆದಿರಿ. ಅವರು ಗುಂಪು ಬಿಟ್ಟರು. ತಪ್ಪು ನನ್ನದಾ ಎಂದು ಕೇಳಿದ್ದೀರಿ.

ತಿದ್ದಿದ್ದು ತಪ್ಪಲ್ಲ. ಎಲ್ಲರೆದುರು ತಿದ್ದಿದ್ದೂ ಸರಿಯೇ. ವಾಟ್ಸಾಪ್ ಗುಂಪಿನಲ್ಲಿ 1,024 ಜನರವರೆಗೆ ಇರಬಹುದು. ಮಾತಾಡುವವರು ಹತ್ತೋ ಹದಿನೈದೋ ಮಂದಿ. ಉಳಿದವರು ಓದುತ್ತಾರೆ, ತೋಟಕ್ಕೆ ಹೋಗಿ ಹಾಗೇ ಮಾಡುತ್ತಾರೆ. ಶೇಕಡಾ 1ರ ಬೋರ್ಡೋಗೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಸುಣ್ಣ ಸಾಲದೇ ಹೋದರೆ ಎಲೆ, ಎಳೆಕಾಯಿ ಸುಡುತ್ತವೆ. ಇದನ್ನು ಅವರೊಬ್ಬರಿಗೇ ಗುಟ್ಟಾಗಿ ಹೇಳಿದ್ದರೆ, ಓದಿಕೊಂಡು ಹೋದವರ ತೋಟದ ಗತಿ ಏನು?

ನೀವು ಎಡವಿದ್ದು ‘ಗೊತ್ತಿಲ್ಲದಿದ್ದರೆ’ ಎಂಬಲ್ಲಿ. ಮದ್ದಿನ ಮಾತು ಅಲ್ಲಿಗೆ ಮನುಷ್ಯರ ಮಾತಾಯಿತು. ಅದೇ ಹಿರಿಯರು ನಿಮ್ಮ ಜಗಲಿಯಲ್ಲಿ ಕೂತು ಹೀಗೆ ಹೇಳಿದ್ದರೆ, ಎಲೆ ಅಡಿಕೆ ತಟ್ಟೆ ಮುಂದಿಟ್ಟು ನೀವು ಹಾಗನ್ನುತ್ತಿದ್ದಿರಾ? ‘ಅಣ್ಣ, ಸುಣ್ಣ ಕಡಿಮೆಯಾದರೆ ಎಲೆ ಸುಡುತ್ತಲ್ವಾ? ದ್ರಾವಣಕ್ಕೆ ಚಾಕು ಅದ್ದಿ ನೋಡೋಣ, ತಾಮ್ರ ಅಂಟಿದರೆ ಸುಣ್ಣ ಸಾಲದು’ ಎನ್ನುತ್ತಿದ್ದಿರಿ. ಗುಂಪಿನಲ್ಲೂ ಅಷ್ಟೇ ಬರೆದರೆ ಸಾಕಿತ್ತು. ಅವರ ಸಂದೇಶವನ್ನು ಬಲಕ್ಕೆ ಎಳೆದು, ಅದರಡಿಗೇ ಬರೆಯಿರಿ. ಇಲ್ಲದಿದ್ದರೆ ಮಧ್ಯೆ ನಾಲ್ಕು ಶುಭೋದಯ ಬಂದ ಮೇಲೆ ‘ಅದು ತಪ್ಪು’ ಎಂದರೆ ಯಾವುದು ತಪ್ಪು ಎಂದು ಯಾರಿಗೂ ತಿಳಿಯುವುದಿಲ್ಲ. ಅವರ ಮೇಲೆಯೇ ಬೇಸರವಿದ್ದರೆ ಫೋನ್ ಮಾಡಿ ಹೇಳಿ.

1995ರಲ್ಲೇ, ಇಂಟರ್‌ನೆಟ್ ನಮ್ಮ ಹಳ್ಳಿಗಳಿಗೆ ಬರುವ ಎಷ್ಟೋ ಮೊದಲು, ಅದನ್ನು ಕಟ್ಟಿದವರ ಬಳಗ ನಡವಳಿಕೆಯ ಸೂಚನೆಗಳನ್ನು ಬರೆದಿಟ್ಟಿತು. ಮನಸ್ಸು ಕೆರಳಿದಾಗ ಉತ್ತರ ಕಳಿಸಲು ಒಂದು ರಾತ್ರಿ ಕಾಯಿರಿ ಎಂಬುದು ಅದರಲ್ಲೊಂದು. ನನಗೆ ಇದು ತುಂಬಾ ಇಷ್ಟ. ಆದರೆ ಬೆಳಗಾದರೆ ಯಾರೋ ಮದ್ದು ಹೊಡೆಯುವವರಿದ್ದಾರೆ, ಕಾಯಲಾಗದು. ಹಾಗಿದ್ದಾಗ ಅಳತೆಯನ್ನು ಈಗಲೇ ಬರೆಯಿರಿ, ಸಿಟ್ಟಿನ ಮಾತನ್ನು ನಾಳೆಗಿಡಿ.

ನಿಮ್ಮ ಮೇಲೆ ಗದರಿದವರಿಗೂ ಒಂದು ಮಾತು. ಪ್ರತಿ ವರ್ಷ ಮಳೆ ಬರುತ್ತದೆ, ಕೊಳೆ ಬರುತ್ತದೆ, ಪ್ರಶ್ನೆಯೂ ಬರುತ್ತದೆ. ಕಳೆದ ವಾರ ಗುಂಪಿಗೆ ಸೇರಿದವರಿಗೆ ಹಳೆಯ ಉತ್ತರ ಕಾಣುವುದಿಲ್ಲ. ಅದನ್ನು ಹುಡುಕಿ ಮತ್ತೊಮ್ಮೆ ಹಾಕಿದರಾಯಿತು. ಗೊತ್ತಿಲ್ಲದಿದ್ದರೆ ಏನೂ ಹಾಕಬೇಕಿಲ್ಲ, ಕೈಮುಗಿಯುವುದೂ ಬೇಡ.

ಇನ್ನು ನಿಮ್ಮ ಪ್ರಶ್ನೆಯೂ ಸ್ವಲ್ಪ ಚಿಕ್ಕದಾಯಿತು. ನಳ್ಳಿ ಉದುರಲು ಕೊಳೆಯೊಂದೇ ಕಾರಣವಲ್ಲ. ಕಾಯಿಯ ರಸ ಹೀರುವ ತಿಗಣೆ ಕೀಟ ಇರಬಹುದು, ಬುಡದಲ್ಲಿ ನೀರು ನಿಂತಿರಬಹುದು. ಮರದ ವಯಸ್ಸು, ಮದ್ದು ಹೊಡೆದ ದಿನ, ಉದುರಿದ ನಳ್ಳಿಯ ಫೋಟೋ ಇದ್ದಿದ್ದರೆ ಉತ್ತರಿಸುವವರಿಗೆ ಸುಲಭವಾಗುತ್ತಿತ್ತು.

ಈ ವಾರವೇ ಆ ಹಿರಿಯರ ಮನೆಗೆ ಹೋಗಿ. ಮಾತು ಒರಟಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎನ್ನಿ. ಗುಂಪಿಗೆ ಮರಳಿ ಕರೆಯಿರಿ. ಅಷ್ಟು ಜನರಲ್ಲಿ ನಿಮ್ಮ ಕಷ್ಟಕ್ಕೆ ಉತ್ತರಿಸಲು ಕೂತವರು ಅವರೊಬ್ಬರೇ.

ಅಂದ ಹಾಗೆ, ನಳ್ಳಿ ಉದುರುವುದು ನಿಂತಿತಾ? ಪತ್ರದಲ್ಲಿ ಬರೆದಿಲ್ಲ. ಯಾವುದರಿಂದ ನಿಂತಿತು ಎಂದು ಗುಂಪಿಗೂ ಹೇಳಿ, ನಮಗೂ ಬರೆಯಿರಿ.

– ಸಂ.