ಗಾಂಜಾ ತೆರಿಗೆಯ ಹಣ ಮತ್ತು ಕೇಸಿಗೆ ಸಿಕ್ಕ ಮನೆ

ಪ್ರಶ್ನೆ: ಪಕ್ಕದ ಮನೆಯ ಹುಡುಗ ಬೇರೆಯವರು ಗುತ್ತಿಗೆಗೆ ಹಿಡಿದ ಶುಂಠಿ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದ. ಶುಂಠಿಯ ನಡುವೆ ಗಾಂಜಾ ಗಿಡಗಳು ಸಿಕ್ಕಿ ಅವನೂ ಜೈಲು ಸೇರಿದ್ದಾನೆ. ಅಡಿಕೆ ಸುಲಿದು ಕೂಡಿಟ್ಟ ಹಣವನ್ನೂ ಕಿವಿಯೋಲೆಯನ್ನೂ ಅವನ ತಾಯಿ ವಕೀಲರ ಫೀಸಿಗೆ ಕಳೆದುಕೊಂಡರು. ಅಮೆರಿಕದಲ್ಲಿ ಗಾಂಜಾ ತೆರಿಗೆಯಿಂದ ಇಂಥವರಿಗೆ ನೆರವಾಗುತ್ತಾರಂತೆ. ನಮ್ಮಲ್ಲಿ ಸಾಧ್ಯವೇ?
– ಓದುಗರೊಬ್ಬರು, ಸೊರಬ ತಾಲ್ಲೂಕು

ಉತ್ತರ: ನೀವು ಕೇಳಿದ್ದು ನಿಜ, ಆದರೆ ಅದು ಮಾರಾಟಕ್ಕೆ ಅನುಮತಿಯಿರುವ ಕೆಲವು ರಾಜ್ಯಗಳ ಮಾತು. ಅಲ್ಲಿ ಕರಿಯರೂ ಬಿಳಿಯರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಗಾಂಜಾ ಸೇದುತ್ತಿದ್ದರೂ ಬಂಧನದ ಪ್ರಮಾಣ ಕರಿಯರಲ್ಲಿ ಮೂರು ಪಟ್ಟಿಗೂ ಹೆಚ್ಚಾಗಿದ್ದುದರಿಂದ, ಖರ್ಚು ಕಳೆದು ಉಳಿದ ತೆರಿಗೆ ವರಮಾನದಲ್ಲಿ ಶೇ. 25ರಷ್ಟನ್ನು ಇಲಿನಾಯ್ಸ್, ಶೇ. 40ರಷ್ಟನ್ನು 2021ರ ಕಾನೂನಿನ ಪ್ರಕಾರ ನ್ಯೂಯಾರ್ಕ್, ಇಂಥ ಬಂಧನಗಳಿಂದ ಹೆಚ್ಚು ನಲುಗಿದ ಬಡಾವಣೆಗಳಿಗೆಂದು ತೆಗೆದಿರಿಸುತ್ತವೆ. ಹಣ ಸಂಘಸಂಸ್ಥೆಗಳಿಗೆ ಹೋಗುತ್ತದೆಯೇ ಹೊರತು ನೇರವಾಗಿ ತಾಯಿಯ ಕೈಗಲ್ಲ. ಆದರೂ ಇಲಿನಾಯ್ಸ್‌ನಲ್ಲಿ ಕಾನೂನು ನೆರವು ಅದರ ಉದ್ದೇಶಗಳಲ್ಲೊಂದು ಎಂಬುದನ್ನು ನಾನು ಬಹಳ ಮೆಚ್ಚುತ್ತೇನೆ.

ನಮ್ಮಲ್ಲಿ 1985ರ ಮಾದಕ ವಸ್ತು ಕಾಯ್ದೆಯಡಿ ಗಾಂಜಾ ಬೆಳೆಯುವುದೂ ಮಾರುವುದೂ ಅಪರಾಧವಾದ್ದರಿಂದ ಅಂಥ ತೆರಿಗೆಯಿಲ್ಲ. ಅದೇ ಕಾಯ್ದೆಯ 7ಎ ಕಲಮಿನಲ್ಲಿ ರಾಷ್ಟ್ರೀಯ ನಿಧಿಯೊಂದಿದೆ. ಮುಟ್ಟುಗೋಲು ಹಾಕಿಕೊಂಡ ಆಸ್ತಿಯ ಮಾರಾಟದ ಹಣವೂ ಅದಕ್ಕೆ ಸೇರುತ್ತದೆ. ವ್ಯಸನಿಗಳ ಚಿಕಿತ್ಸೆ, ಪುನರ್ವಸತಿಗೆ ಅದರಲ್ಲಿ ಅವಕಾಶವಿದ್ದರೂ ಕೇಸಿಗೆ ಸಿಕ್ಕ ಕೂಲಿಕಾರನ ಮನೆಯ ಪ್ರಸ್ತಾಪವಿಲ್ಲ. ತೀರ್ಪು ಬರುವ ಮೊದಲೇ ಮನೆ ಬರಿದಾಗುವುದರಿಂದ, ತಿದ್ದುಪಡಿ ತಂದು ಅದನ್ನು ಸೇರಿಸಲೇಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಆ ತಾಯಿ ಇನ್ನು ಸಾಲ ಮಾಡಬಾರದು. ಬಂಧನದಲ್ಲಿರುವವನಿಗೆ, ಆದಾಯವೆಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರ ಉಚಿತ ವಕೀಲರನ್ನು ಕೊಡಬೇಕು. ಶಿವಮೊಗ್ಗದ ಜಿಲ್ಲಾ ಪ್ರಾಧಿಕಾರಕ್ಕಾಗಲಿ ತಾಲ್ಲೂಕು ಸಮಿತಿಗಾಗಲಿ ಅರ್ಜಿ ಕೊಡಿಸಿ. ಹೊಲ ಯಾರ ಗುತ್ತಿಗೆಯಲ್ಲಿತ್ತು, ಇವನಿಗೆ ಕೂಲಿ ಯಾರು ಕೊಡುತ್ತಿದ್ದರು ಎಂಬುದಕ್ಕೆ ಸಿಕ್ಕ ಚೀಟಿಯನ್ನೂ ಬಿಡದೆ ವಕೀಲರಿಗೆ ತಲುಪಿಸಿ.

ಮಹಜರನ್ನೂ ಗಮನವಿಟ್ಟು ಓದಿಸಿ. ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿಯಿಂದ ಬೇರೆಯಾದ ಎಲೆ, ಬೀಜ ಅದರಲ್ಲಿ ಸೇರುವುದಿಲ್ಲ. 20 ಕಿಲೋ ಮೀರಿದರೆ ವಾಣಿಜ್ಯ ಪ್ರಮಾಣವೆನಿಸಿ ಜಾಮೀನು ಬಹಳ ಕಷ್ಟವಾಗುತ್ತದೆ. ಆದ್ದರಿಂದ ಹಸಿ ಗಿಡಗಳನ್ನು ಬೇರು, ಕಾಂಡ, ಮಣ್ಣಿನ ಸಮೇತ ತಕ್ಕಡಿಗೆ ಹಾಕಿದ್ದರೆ, ಆ ತೂಕವನ್ನು ಜಾಮೀನು ಅರ್ಜಿಯಲ್ಲೇ ಪ್ರಶ್ನಿಸುವಂತೆ ವಕೀಲರಿಗೆ ಹೇಳಿ.